ಚಿಮಣಿ ಬಿದ್ದ ಮೇಲೆ

ನವೆಂಬರ್ 9, ಬೆಳಿಗ್ಗೆ

ಇವತ್ತೂ ಇಟ್ಟಿಗೆ ಹೆಕ್ಕುವುದೇ ಕೆಲಸ. ಅಂಗಳದ ತುಂಬ ಮಸಿ. ನನ್ನ ಗಂಡ ರಾಯ್ಸ್ ತನ್ನ ಟ್ರಕ್ಕಿಗೆ ಸರಪಳಿ ಕಟ್ಟಿ ಚಿಮಣಿ ಎಳೆದು ಕೆಡವಿ ವಾರವಾಯಿತು. ವಿಚ್ಛೇದನದ ಕಾಗದ ಕೈಗೆ ಸಿಕ್ಕಿದ ದಿನವೇ ಬಂದ. ತಡೆಯಲು ಹೋದ ನನ್ನ ದವಡೆಗೆ ಗುದ್ದಿದ. ಬೊಗಳಿದ ನಾಯಿಯ ಮೇಲೆ ಟ್ರಕ್ ಹಾಯಿಸಿದ. "ಚಳೀಲಿ ಸೆಟೆದುಕೊಂಡು ಸಾಯೇ, ವರ್ನಾ!" ಎಂದು ಕೂಗಿ ಹೋದ.

ನಾಯಿಯನ್ನು ಹೂಳಿದ್ದು ನಾನೇ.

ಅವನು ಈ ಮನೆಯ ಹತ್ತಿರ ಸುಳಿಯಕೂಡದು ಎಂದು ಕೋರ್ಟು ಹೇಳಿದೆ. ಕೋರ್ಟು ಪಟ್ಟಣದಲ್ಲಿದೆ. ನಾನಿರುವುದು ಕಣಿವೆಯ ಈ ತುದಿಯಲ್ಲಿ. ಎಲ್ಲ ಕಿಟಕಿಗೂ ತೆರೆಯದ ಹಾಗೆ ಸ್ಕ್ರೂ ಹೊಡೆದೆ.

ನವೆಂಬರ್ 14

ಒಡೆಸ್ಸಾ ಅಕ್ಕನ ಜೊತೆ ಹೋಬರ್ಟ್‌ನ ಅಂಗಡಿಗೆ ಹೋಗಿದ್ದೆ. ಗ್ಯಾಸ್ ಅಗ್ಗಿಷ್ಟಿಕೆ ನೋಡಲು. ಎರಡು ಬಗೆಯದು ತೋರಿಸಿದ.

"ಇದಕ್ಕೆ ಗೋಡೆ ಕೊರೆದು ಕೊಳವೆ ಹಾಕ್ಬೇಕು, ಹೊಗೆ ಆಚೆ ಹೋಗುತ್ತೆ. ಅದಕ್ಕೆ ಕೊಳವೆ ಬೇಡ, ಕರೆಂಟೂ ಬೇಡ. ಕೋಣೆ ಗಾಳೀನೇ ಉಸಿರಾಡುತ್ತೆ, ನಮ್ಮ ಹಾಗೆ. ಅದಕ್ಕೇ ಕಿಟಕಿ ಒಂಚೂರು ತೆಗೆದಿರ್ಬೇಕಮ್ಮಾ."

"ಕಿಟಕಿ ತೆಗೆಯಲ್ಲ."

ಹೋಬರ್ಟ್ ನನ್ನ ದವಡೆ ನೋಡಿದ. ಬಾವು ಇಳಿದಿದೆ, ಹಳದಿ ಹೋಗಿಲ್ಲ.

"ಹಾಗಾದ್ರೆ ಗೋಡೆ ಕೊರೆಸೇ," ಅಕ್ಕ ಎಂದಳು. "ಗಾಳಿ ಇಲ್ಲದೆ ಮಲಗಿದವಳು ಮಲಗಿದ ಹಾಗೇ ಹೋದ್ರೆ?"

"ಆಚೆ ಕೊಳವೆ ಇದ್ರೆ ಅವನು ಅದಕ್ಕೊಂದು ಚಿಂದಿ ತುರುಕಿದ್ರೆ ಸಾಕಲ್ಲ ಅಕ್ಕಾ."

ಕೊಳವೆ ಇಲ್ಲದ್ದರಲ್ಲಿ ದೊಡ್ಡದರ ಮೇಲೆ ಕಣ್ಣಿತ್ತು ನನಗೆ, ನಿಜವಾದ ಓಕ್ ಮರದ ತುಂಡುಗಳ ಹಾಗೇ ಕಾಣುತ್ತಿತ್ತು. ಹೋಬರ್ಟ್ ಕೊಡಲಿಲ್ಲ. ನನ್ನ ಪುಟ್ಟ ಕೋಣೆಗೆ ಅದು ಕೂಡದಂತೆ, ಗಾಳಿ ಸಾಲದಂತೆ. ಚಿಕ್ಕದನ್ನೇ ಆರಿಸಿದೆ.

"ಗಾಳಿ ಕೆಟ್ರೆ ತಾನಾಗೇ ಆರುತ್ತೆ. ಆಗ ಮತ್ತೆ ಹಚ್ಚೋಕೆ ಹೋಗ್ಬೇಡಿ. ಮೊದಲು ಕಿಟಕಿ."

ನವೆಂಬರ್ 20

ಹೋಬರ್ಟ್ ಕಡೆಯವರು ಅಗ್ಗಿಷ್ಟಿಕೆ ಕೂರಿಸಿಹೋದರು. ನೀಲಿ ಜ್ವಾಲೆ, ಸದ್ದೇ ಇಲ್ಲ. ಎಷ್ಟು ದಿನದ ಮೇಲೆ ಬೆನ್ನು ಬೆಚ್ಚಗಾಯಿತು!

ಸಂಜೆಗೆ ಗಾಜಿನ ಮೇಲೆಲ್ಲ ನೀರು. ತಲೆ ಸಿಡಿತ. ಫಕ್ಕನೆ ಆರಿತು. ಹೋಬರ್ಟ್‌ಗೆ ಫೋನ್ ಮಾಡಿದೆ.

"ಕಿಟಕಿ ತೆಗೆದಿದ್ರಾ?"

"ಇಲ್ಲ."

"ಅಲ್ಲಮ್ಮಾ, ಸಾಯೋಕೆ ನೀವೇ ಸಾಕಲ್ಲ, ಗಂಡ ಯಾಕೆ ಬೇಕು?"

ಬೈದುಕೊಳ್ಳುತ್ತಲೇ ಅಡುಗೆಕಟ್ಟೆ ಪಕ್ಕದ ಕಿಟಕಿಯ ಸ್ಕ್ರೂ ಬಿಚ್ಚಿದೆ. ಮೇಲಕ್ಕೆ ಜಾರುವ ಅದರ ಚೌಕಟ್ಟನ್ನು ಎರಡು ಬೆರಳಿನಷ್ಟು ಎತ್ತಿದೆ. ಮತ್ತೆ ಹಚ್ಚಿದೆ, ಈ ಸಲ ಜ್ವಾಲೆ ಆರಲಿಲ್ಲ. ನನಗೆ ನಿದ್ದೆ ಇಲ್ಲ.

ಡಿಸೆಂಬರ್ 12, ಸಂಜೆ

ಇವತ್ತೇ ಬರೆದಿಡಬೇಕು.

ನಿನ್ನೆಯಿಂದ ಬೀಳುವ ಮಳೆಯೆಲ್ಲ ಮಂಜುಗಡ್ಡೆ. ತಂತಿ ಹರಿದು ಕರೆಂಟ್ ಇಲ್ಲ. ಮಧ್ಯಾಹ್ನ ರಾಯ್ಸ್ ನಡೆದೇ ಬಂದ. ಬಾಗಿಲು ಒದ್ದ. ಜಗ್ಗಲಿಲ್ಲ. ಆಮೇಲೆ ಅಡುಗೆಕಟ್ಟೆ ಕಿಟಕಿಯ ಸಂದಿನಲ್ಲಿ ಬೆರಳುಗಳು ಬಂದವು. ಎರಡೂ ಕೈಯವು.

"ಏನೇ, ನನಗೆ ಅಂತಾನೇ ತೆಗೆದಿಟ್ಟಿದ್ದೀಯಾ?"

ಗಡ್ಡದಲ್ಲಿ ಮಂಜು. ನಗುತ್ತಿದ್ದ. ಚೌಕಟ್ಟು ಮೇಲೇಳತೊಡಗಿತು.

"ನಾಯಿಗೆ ಬೇಗ ಮುಗೀತು. ನಿನಗೆ ಅಷ್ಟು ಬೇಗ ಮುಗಿಸಲ್ಲ."

ಇಡೀ ಮೈಯನ್ನು ಕಿಟಕಿಯ ಚೌಕಟ್ಟಿನ ಮೇಲೆ ಹಾಕಿದೆ. ಮೂಳೆ ಮುರಿದ ಸದ್ದು... ಹಸಿ ಕಡ್ಡಿ ಮುರಿದ ಹಾಗೆ. ಕಟ್ಟೆಯ ಮೇಲೆ ಬ್ಯಾಟರಿಯ ಸ್ಕ್ರೂ ಮೆಷಿನ್ ಇತ್ತು. ಹೊಟ್ಟೆಯಿಂದ ಚೌಕಟ್ಟನ್ನು ಒತ್ತಿ ಹಿಡಿದು ಎಡಕ್ಕೊಂದು, ಬಲಕ್ಕೊಂದು ಸ್ಕ್ರೂ ಇಳಿಸಿದೆ. ಅವನ ಬೆರಳು ಒಳಗೆ, ಅವನು ಹೊರಗೆ.

ಮೊದಲು ಬೈದ. ಹುಟ್ಟಿದಾರಭ್ಯ ಕೇಳದ ಬೈಗುಳ. ಗಾಜಿಗೆ ಹಣೆ ಚಚ್ಚಿದ, ಗಾಜಿನ ತುಂಬ ರಕ್ತ. ಎಷ್ಟೋ ಹೊತ್ತಿನ ಮೇಲೆ ದನಿ ಇಳಿಯಿತು.

"ವರ್ನಾ... ಚಿನ್ನಾ... ಬಿಡೇ. ಬೆರಳು ಸತ್ತುಹೋಗ್ತಿದೆ ಕಣೇ."

ಸೇತುವೆ ಹತ್ತಿರ ಅವನ ಟ್ರಕ್ ನೋಡಿ ಅಕ್ಕ ಬಂದೂಕು ಹಿಡಿದು ಓಡಿಬಂದಳಂತೆ. ನನ್ನನ್ನು ಉಳಿಸಲು. ತನ್ನಲ್ಲಿದ್ದ ಕೀಲಿಯಿಂದ ಬಾಗಿಲು ತೆಗೆದವಳು ಕಿಟಕಿ ನೋಡಿ ಅಲ್ಲೇ ನಿಂತುಬಿಟ್ಟಳು.

"ಬಿಚ್ಚೇ! ಮನುಷ್ಯಳೇನೇ ನೀನು?"

ಬಿಚ್ಚಿದೆ. ಮೂಟೆಯ ಹಾಗೆ ಬಿದ್ದ. ಪೊಲೀಸರಿಗೆ ಅಕ್ಕನೇ ಫೋನ್ ಮಾಡಿದಳು. ಅವರು ಬರುವವರೆಗೂ ಅವನತ್ತ ಬಂದೂಕು ಗುರಿಯಿಟ್ಟು ನಿಂತಳು — ನಡುನಡುವೆ ನನ್ನನ್ನೂ ನೋಡುತ್ತಾ.

ಡಿಸೆಂಬರ್ 19

ಪೊಲೀಸಿನವನು ಹೇಳಿಕೆ ಬರೆದುಕೊಂಡು ಹೋದ. "ಬಿಟ್ಟಿದ್ರೆ ಒಳಗೆ ಬಂದು ಕೊಲ್ತಿದ್ದ," ಎಂದೆ. ಅದು ಸುಳ್ಳಲ್ಲ. ರಾಯ್ಸ್‌ನ ಆರು ಬೆರಳು ತೆಗೆದರಂತೆ. ಆಸ್ಪತ್ರೆಯಿಂದ ನೇರ ಜೈಲಿಗೆ. ಇನ್ನು ಮುಷ್ಟಿ ಕಟ್ಟಲಾರ.

ಕೇಳಿ ಹೊಟ್ಟೆ ತುಂಬ ಉಂಡೆ. ಚೆನ್ನಾಗಿ ನಿದ್ದೆ ಬಂತು. ಅದಕ್ಕೇ ಭಯವಾಗುತ್ತಿದೆ.

ಜನವರಿ 3

ಅಕ್ಕ ಹುರುಳಿಕಾಯಿ ಸೂಪು, ಜೋಳದ ಬ್ರೆಡ್ಡು ತಂದಿದ್ದಳು. ಇಷ್ಟು ದಿನದ ಮೇಲೆ ಮೊದಲ ಸಲ. ಬೆಂಕಿಯ ಹತ್ತಿರ ಕೂತಳು, ನನ್ನ ಹತ್ತಿರವಲ್ಲ.

"ಅವನು ಅಷ್ಟು ಕೂಗ್ತಿದ್ದಾಗ ನೀನೇನು ಮಾಡ್ತಿದ್ದೆ?"

"ಏನು ಮಾಡ್ಲಿ? ಕಾಯ್ತಿದ್ದೆ."

"ಯಾರಿಗೆ ಕಾಯ್ತಿದ್ದೆ? ಪೊಲೀಸರಿಗೆ ನೀನು ಹೇಳೇ ಇರ್ಲಿಲ್ಲ."

"ಕರೆಂಟ್ ಇರ್ಲಿಲ್ಲ ಅಕ್ಕಾ."

"ಫೋನ್ ನಿನ್ನ ಮಡಿಲಲ್ಲೇ ಇತ್ತು ವರ್ನಾ. ನಾನು ಬಂದಾಗ ನೀನು ಬೆಂಕಿ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಶೂ ಬಿಚ್ಚಿ ಕಾಲು ಕಾಯಿಸ್ಕೊಳ್ತಿದ್ದೆ."

ತಟ್ಟೆ ತೊಳೆದಿಟ್ಟು ಹೊರಟಳು. ಹೋಗುವಾಗ ತಬ್ಬಿಕೊಳ್ಳಲಿಲ್ಲ.

ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯಬಹುದು. ಓದುವವರಿಲ್ಲ. ಅವನು ಕೂಗುವುದನ್ನು ನಿಲ್ಲಿಸಿದ್ದ, ಹೆಸರು ಹಿಡಿದು ಗೊಣಗುತ್ತಿದ್ದ ಅಷ್ಟೆ. ಕಾಲು ಬೆಚ್ಚಗಿತ್ತು. ಅಕ್ಕ ಬರುವುದು ಇನ್ನೂ ತಡವಾಗಿದ್ದರೂ ನಾನು ಎದ್ದು ಸ್ಕ್ರೂ ಬಿಚ್ಚುತ್ತಿರಲಿಲ್ಲ.