ಕಿಡಿಯ ಎಡಗೈಗೆ ತಾಕಿದ ಬೆಂಕಿ

ಮನೆಯಿಂದ,
ಮಾರ್ಚ್ ೮, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿಮ್ಮ ಹಡಗು ಮುಂದಿನ ಬಂದರು ಮುಟ್ಟಿ ಈ ಕಾಗದ ನಿನ್ನ ಕೈಸೇರುವಷ್ಟರಲ್ಲಿ ಕೆಮ್ಮು ವಾಸಿಯಾಗಿರಲಿ. ಎಂಜಿನ್ ಕೋಣೆಯಿಂದ ಬೆವರುತ್ತಾ ಬಂದು ಹಾಗೇ ಗಾಳಿಗೆ ನಿಲ್ಲಬೇಡ ಎಂದು ಎಷ್ಟು ಸಲ ಹೇಳಿದರೂ ನೀನು ಕಿವಿಗೆ ಹಾಕಿಕೊಳ್ಳುವವಳಲ್ಲ. ಹಠದಲ್ಲಿ ಥೇಟ್ ನಿನ್ನ ಅಮ್ಮ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಇಲ್ಲಿ ನಾವು ಕ್ಷೇಮ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅಮ್ಮನ ಬಾಯಿಯೂ ಇದ್ದ ಹಾಗೇ ಇದೆ. ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ತುಂಡಾಯಿತಲ್ಲ, ಅದಕ್ಕೇ ನಿನ್ನ ಮಗಳು ಕಿಡಿಯ ವಿಷಯ ಬರೆದೇ ತಿಳಿಸೋಣ ಎಂದು ಕೂತೆ. ಗಾಬರಿಯಾಗಬೇಡ, ಒಳ್ಳೆಯ ಸುದ್ದಿಯೇ.

ನೀನು ಹೊರಟ ದಿನ ಗೇಟಿನ ಹತ್ತಿರ ಕಿಡಿ ಎರಡೂ ಕೈಗಳನ್ನು ಕಂಕುಳಲ್ಲಿ ಅವಚಿಕೊಂಡು ನಿಂತಳು. ನೀನು ಎಷ್ಟು ಕೇಳಿದರೂ ಕೈ ಕೊಡಲಿಲ್ಲ. ನೀನು ಸಣ್ಣ ಮುಖ ಮಾಡಿಕೊಂಡು ಟ್ಯಾಕ್ಸಿ ಹತ್ತಿದ್ದು ಇನ್ನೂ ನನ್ನ ಕಣ್ಣಮುಂದಿದೆ. ಅದು ಮುನಿಸಲ್ಲ ಕಣೇ. ಮುಟ್ಟಿದರೆ ಅವಳಿಗೆ ಉರಿಯುತ್ತಿತ್ತು. ನೀನು ಹೋದ ಮೇಲೆ ಇಸುಬು ಮಣಿಕಟ್ಟಿನಿಂದ ಬೆರಳಿನ ಸಂದುಗಳಿಗೂ ಇಳಿದು, ಚರ್ಮ ಬಿರಿದು ನೀರಾಡತೊಡಗಿತು. ಕೆರೆದು ಕೆರೆದು ರಕ್ತ ಬರಿಸಿಕೊಳ್ಳುತ್ತಾಳೆಂದು ನಿನ್ನ ಅಮ್ಮ ನನ್ನ ಹಳೇ ಬನಿಯನ್ನುಗಳನ್ನು ಕತ್ತರಿಸಿ ಕೈಗವಸಿನಂಥ ಎರಡು ಚೀಲ ಹೊಲಿದು ಮಗುವಿನ ಕೈಗೆ ತೊಡಿಸಿದಳು. ಹಳೆಯದರ ಜೊತೆ ಹೊಸ ಬನಿಯನ್ನೂ ಒಂದು ಹೋಯಿತು, ಆ ಮಾತು ಬಿಡು. ಶಾಲೆಯಲ್ಲಿ ಮಕ್ಕಳು ಕೈ ಕೈ ಹಿಡಿದು ಸಾಲಾಗಿ ನಡೆಯುವಾಗ ಇವಳೊಬ್ಬಳೇ ಕೊನೆಯಲ್ಲಿ, ಚೀಲದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಬರುತ್ತಿದ್ದಳು.

ಚರ್ಮದ ಡಾಕ್ಟರಮ್ಮ "ಹೊಸ ಚಿಕಿತ್ಸೆಯೊಂದನ್ನು ಪರೀಕ್ಷೆ ಮಾಡಿ ನೋಡ್ತಿದ್ದೀವಿ, ತಣ್ಣನೆಯ ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಹೊತ್ತಿಸಿದ ಅನಿಲ" ಎಂದಾಗ ನನಗೆ ಹೆದರಿಕೆಯಾಯಿತು. ನಿನಗೂ ಹಾಗೇ ಆಯಿತಲ್ಲ. ನಮ್ಮ ವೆಲ್ಡಿಂಗ್ ಅಂಗಡಿಯಲ್ಲೇ ಆಡಿ ಬೆಳೆದವಳು ನೀನು. ಫೋನಿನಲ್ಲಿ ಮೊದಲು ನಿನ್ನ ಬಾಯಿಂದ ಬಂದದ್ದೇ "ಅಪ್ಪಾ, ಅದರಲ್ಲಿ ನಾವು ಕಬ್ಬಿಣ ಕತ್ತರಿಸ್ತೀವಿ" ಎಂಬ ಮಾತು. ಆಮೇಲೆ, "ನೀನೇ ಕಣ್ಣಾರೆ ನೋಡು. ನಿನಗೆ ಸರಿ ಅನ್ನಿಸಿದ್ರೆ ಮಾತ್ರ ಮಾಡಿಸು" ಅಂದೆ. ಡಾಕ್ಟರಿಕೆ ಗೊತ್ತಿಲ್ಲದ ನನ್ನ ತಲೆಗೆ ಆ ಭಾರ ಕಟ್ಟಿ ನೀನು ಸಮುದ್ರದಲ್ಲಿ ಹಾಯಾಗಿದ್ದೆ.

ನಿನ್ನ ಅಮ್ಮನೂ ನಾನೂ ಕಿಡಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಚಿಕಿತ್ಸೆಯ ಕೋಣೆಯಲ್ಲಿ ಒಂದು ಕುರ್ಚಿ, ಒಂದು ದೀಪ, ಮೂಲೆಯಲ್ಲಿ ಒಂದು ಸಿಲಿಂಡರ್. ಹತ್ತಿರ ಹೋಗಿ ಓದಿದರೆ ಆರ್ಗಾನ್. ಸ್ಟೀಲು ಬೆಸೆಯಲು ನಮ್ಮ ಅಂಗಡಿಯಲ್ಲಿ ನಿಂತಿರುತ್ತಿತ್ತಲ್ಲ, ಅದೇ ಅನಿಲ. ಗುರುತಿಲ್ಲದ ಜಾಗದಲ್ಲಿ ನೆಂಟರು ಸಿಕ್ಕಿದ ಹಾಗಾಗಿ ಅದರ ಬೆನ್ನು ತಟ್ಟಿದೆ. ಅದರಿಂದ ಒಂದು ಕೊಳವೆ ಪೆನ್ನಿನಂಥ ಸಾಧನಕ್ಕೆ ಹೋಗುತ್ತದೆ, ಅದರೊಳಗೆ ವಿದ್ಯುತ್ತು ಅನಿಲವನ್ನು ಹೊತ್ತಿಸುತ್ತದೆ. ಡಾಕ್ಟರಮ್ಮ ಗುಂಡಿ ಒತ್ತಿದರು. ತುದಿಯಲ್ಲಿ ನೇರಳೆ ಬಣ್ಣದ ಸಣ್ಣ ಜ್ವಾಲೆ ನಿಂತಿತು, ವೆಲ್ಡಿಂಗಿನ ಆರ್ಕ್ ಹೊತ್ತಿದಾಗ ಬರುವ ಅದೇ ವಾಸನೆ ಬಂತು. ಅಷ್ಟೇ ಸಾಕಾಯಿತು. "ಮುಖ ತಿರುಗಿಸು" ಎಂದು ಅಂಗಡಿಯ ಗಂಟಲಿನಲ್ಲಿ ಗದರಿ, ಕಿಡಿಯ ಕಣ್ಣನ್ನು ಅಂಗೈಯಿಂದ ಮುಚ್ಚಿ, ನಾನೂ ಗೋಡೆ ಕಡೆ ತಿರುಗಿ ನಿಂತುಬಿಟ್ಟೆ. ಹೊರಗೆ ಕಾಯುತ್ತಿದ್ದವರೆಲ್ಲ ಇಣುಕಿ ನೋಡಿದರು. ಡಾಕ್ಟರಮ್ಮ ನಗುತ್ತಾ, "ನೋಡಬಹುದು ಯಜಮಾನ್ರೇ, ಇದು ಸುಡಲ್ಲ" ಎಂದು ತಮ್ಮ ಬೆರಳನ್ನೇ ಅದರೊಳಗೆ ಹಿಡಿದರು.

ನಾನೂ ಬೆರಳಿಟ್ಟೆ. ಏನೂ ಗೊತ್ತಾಗಲಿಲ್ಲ, ನನ್ನ ಬೆರಳು ಸುಟ್ಟು ಸುಟ್ಟು ಜಡ್ಡುಗಟ್ಟಿವೆಯಲ್ಲ. ಮಣಿಕಟ್ಟಿನ ಒಳಭಾಗ ಒಡ್ಡಿದೆ. ಮಲಗಿದ ಮಗುವಿನ ಉಸಿರು ತಾಕಿದ ಹಾಗಿತ್ತು, ಮಗಳೇ. ದಪ್ಪ ತಗಡನ್ನು ಬೆಣ್ಣೆಯಂತೆ ಸೀಳುವ ಆ ಬೆಂಕಿಗೆ ಹೆದರುತ್ತಲೇ, ಮುಖವಾಡ ಹಾಕಿಕೊಂಡೇ ಆಯುಸ್ಸು ಕಳೆದೆ. ಅದಕ್ಕೆ ಇಷ್ಟು ಮೆತ್ತಗೆ ಇರಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿಬಂತು. ನಾನು ಹೂಂ ಎಂದೆ.

ಕಿಡಿ ತಾನೇ ಎಡಗೈಯ ಚೀಲ ಕಳಚಿದಳು. ಬಿರುಕಿನಿಂದ ಬಿರುಕಿಗೆ ಜ್ವಾಲೆ ನಿಧಾನವಾಗಿ ಸರಿಯುತ್ತಿದ್ದರೆ ಅವಳು ಕಣ್ಣು ಮಿಟುಕಿಸದೆ ನೋಡಿದಳು. "ಅಜ್ಜಾ, ಬೆಂಕಿ ಉಸಿರಾಡ್ತಿದೆ" ಎಂದು ಪಿಸುಗುಟ್ಟಿದಳು. ಗಾಯದ ಮೇಲೆ ಕೂತ ಕ್ರಿಮಿಗಳು ಇದರಿಂದ ಸಾಯುತ್ತವೆ, ತುರಿಕೆ ಇಳಿಯಬಹುದು ಎಂದರು ಡಾಕ್ಟರಮ್ಮ. "ಇಳಿಯಬಹುದು ಅಂತೀನಿ, ಇಳಿಯುತ್ತೆ ಅನ್ನಲ್ಲ. ಅದನ್ನ ತಿಳಿಯೋಕೇ ಈ ಪರೀಕ್ಷೆ" ಎಂದೂ ಸೇರಿಸಿದರು. ಮುಲಾಮು ಎರಡೂ ಕೈಗೆ, ಜ್ವಾಲೆ ಎಡಗೈಗೆ ಮಾತ್ರ, ಹೋಲಿಸಿ ನೋಡಬೇಕಲ್ಲ. ನಿನ್ನ ಅಮ್ಮ ಬಿಡುತ್ತಾಳೆಯೇ? "ಹೇಗೂ ಬಂದಿದ್ದೀವಿ, ಬಲಗೈಗೂ ಸ್ವಲ್ಪ ತೋರಿಸಿಬಿಡಿ" ಎಂದು ತರಕಾರಿಯವನ ಹತ್ತಿರ ಕೊತ್ತಂಬರಿ ಕೇಳುವ ಹಾಗೆ ಕೇಳಿದಳು. ಡಾಕ್ಟರಮ್ಮ ಜಗ್ಗಲಿಲ್ಲ.

ಕೆಲವು ವಾರಗಳಿಂದ ತಪ್ಪದೆ ಹೋಗುತ್ತಿದ್ದೇವೆ. ಎಡಗೈಯಲ್ಲಿ ನೀರಾಡುವುದು ನಿಂತಿದೆ, ಬಿರುಕುಗಳು ಕೂಡಿಕೊಂಡು ತೆಳುವಾದ ಗುಲಾಬಿ ಚರ್ಮ ಬಂದಿದೆ. ಬಲಗೈ ಹೆಚ್ಚುಕಡಿಮೆ ಹಾಗೇ ಇದೆ. ಒಂದು ಮಗುವಿನ ಒಂದು ಕೈಯಿಂದ ಏನೂ ತೀರ್ಮಾನವಾಗದು, ಮತ್ತೆ ಮರುಕಳಿಸಲೂಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದಾರೆ, ನೀನೂ ನೆನಪಿಡು. ಎಲ್ಲಾ ತಾನು ಮುಲಾಮು ತಿಕ್ಕಿದ್ದರ ಗುಣವೆಂದು ಅಮ್ಮನ ವಾದ. ಹಾಗಾದರೆ ಬಲಗೈ ಏನು ಪಾಪ ಮಾಡಿತ್ತು ಎಂದು ಕೇಳಿದರೆ ಮುಖ ಗಂಟಿಕ್ಕುತ್ತಾಳೆ. ನಾನಂತೂ ಪ್ರತಿ ಸಲವೂ ಅಲ್ಲಿ ಬಾಯಿ ತೆರೆದುಕೊಂಡೇ ನಿಲ್ಲುತ್ತೇನೆ.

ಮೈ ಕಡೆ ಗಮನವಿರಲಿ. ನಿನ್ನ ಎಂಜಿನ್ನೂ ನೀನೂ ತಣ್ಣಗಿರಿ. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ.

ಇಂತಿ,
ನಿನ್ನ ಅಪ್ಪ

ಮರೆತೆ: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಹೇಳಬೇಕಾದದ್ದೇ ಉಳಿದಿದೆ. ಇವತ್ತು ಬೆಳಿಗ್ಗೆ ರಸ್ತೆ ದಾಟುವಾಗ ಕಿಡಿ ಹಲ್ಲಿನಿಂದ ಚೀಲ ಎಳೆದು ಎಡಗೈಯನ್ನು ನನ್ನ ಕೈಯೊಳಗಿಟ್ಟಳು. ನೋಯಿಸಿಬಿಟ್ಟೇನೆಂದು ನಾನು ಬೆರಳು ಮಡಚಲಿಲ್ಲ. ಅವಳೇ ಗಟ್ಟಿಯಾಗಿ ಹಿಡಿದಳು. ರಸ್ತೆಯ ಆ ಕಡೆ ಸೇರಿದ ಕೂಡಲೇ ಮತ್ತೆ ಚೀಲ ತೊಟ್ಟುಕೊಂಡಳು. ಈಗ ಬೇಕಿಲ್ಲವಲ್ಲ, ಯಾಕೆ ಎಂದೆ. "ಕೊಳೆಯಾಗಬಾರದು. ಅವತ್ತು ಕೊಡಲಿಲ್ವಲ್ಲ, ಇದು ಅಮ್ಮಂಗೆ" ಎಂದಳು. ಬಂದಾಗ ಅವಳ ಎಡಗಡೆ ನಿಂತುಕೋ.