ಬಲಗಡೆ ಅರ್ಧ ಇಂಚು

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯೋ? ಬಲಭುಜದ ನೋವು ಹೇಗಿದೆ? ಚಳಿ ಕಳೆದ ಮೇಲೂ ಕಾಟ ಕೊಡುತ್ತಿದೆಯಂತೆ, ನಿನ್ನ ಭಾವ ಹೇಳಿದರು. ನನಗೆ ನೀನು ಹೇಳಲಿಲ್ಲ. ಹೇಳುವುದಾದರೂ ಹೇಗೆ? ನೀವಿಬ್ಬರೂ ಫೋನಿನಲ್ಲಿ ಮಾತಾಡುವಾಗ ನಾನು ಹತ್ತಿರ ಬಂದರೆ ಸಾಕು, ನಿನ್ನ ಕಡೆ ಸಿಗ್ನಲ್ ಕೈಕೊಡುತ್ತದೆ. ನಾಲ್ಕು ವರ್ಷದಿಂದ ಇಷ್ಟು ಕರಾರುವಾಕ್ಕಾಗಿ ಕೈಕೊಡುವ ಸಿಗ್ನಲನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೇ ಈ ಪತ್ರ. ಇದನ್ನು ಅರ್ಧಕ್ಕೆ ನಿಲ್ಲಿಸಬೇಕಾದರೆ ನೀನು ಕತ್ತರಿಯನ್ನೇ ತೆಗೆದುಕೊಳ್ಳಬೇಕು. ಅಯ್ಯೋ, ಬೇಡವೆಂದುಕೊಂಡರೂ ಮೊದಲ ಪುಟದಲ್ಲೇ ಕತ್ತರಿಯ ಮಾತು ಬಂದುಬಿಟ್ಟಿತು. ಹರಿದು ಹಾಕಿ ಹೊಸದಾಗಿ ಬರೆಯೋಣವೆಂದರೆ ಈಗಾಗಲೇ ಮೂರು ಹಾಳೆ ಬುಟ್ಟಿ ಸೇರಿವೆ. ಇರಲಿ ಬಿಡು, ಓದು.

ನಾವೆಲ್ಲ ಚೆನ್ನಾಗಿದ್ದೇವೆ, ನನ್ನ ಮೊಣಕಾಲುಗಳನ್ನು ಬಿಟ್ಟು. ಇನ್ನು ಮುಂದೆ ಮೆಷಿನ್ ತುಳಿಯಬಾರದೆಂದು ಡಾಕ್ಟರು ಹೋದ ವರ್ಷವೇ ಹೇಳಿದರು. ನಾನು ಆಯಿತು ಎಂದು ತಲೆಯಾಡಿಸಿ ಬಂದು ಮತ್ತೆ ಎರಡು ತಿಂಗಳು ತುಳಿದೆ. ಒಂದು ದಿನ ಮೆಷಿನ್ನಿನ ಮುಂದಿನಿಂದ ಏಳಲಾಗದೆ ಕುರ್ಚಿಯ ಸಮೇತ ಎತ್ತಿಸಿಕೊಂಡ ಮೇಲೆ ಬುದ್ಧಿ ಬಂತು. ಈಗ ನಾನು ಬಟ್ಟೆ ಕತ್ತರಿಸುವುದಷ್ಟೇ, ಹೊಲಿಗೆಯೆಲ್ಲ ಹೊರಗೆ ಕೊಟ್ಟು ಮಾಡಿಸುತ್ತೇವೆ. ನಿನ್ನ ಭಾವ ಎಂದಿನಂತೆ ಗುಂಡಿ ಹಾಕುವುದು, ಇಸ್ತ್ರಿ ಮಾಡುವುದು, ದಿನಕ್ಕೆ ಎಣಿಸಿ ಹತ್ತು ಮಾತಾಡುವುದು. ನನ್ನ ಮಗಳು, ನಮ್ಮ ಗಿಣಿ, ಅಪ್ಪ ಉಳಿಸಿದ ಮಾತನ್ನೆಲ್ಲ ತಾನೇ ಖರ್ಚು ಮಾಡುತ್ತಾಳೆ. ಮಾವ ಯಾವಾಗ ಬರುತ್ತಾರೆ ಎಂದು ಕೇಳುವುದನ್ನು ಮಾತ್ರ ಈಚೆಗೆ ಬಿಟ್ಟಿದ್ದಾಳೆ. ಅವಳು ಕೇಳುತ್ತಿದ್ದಾಗ ರೇಗುತ್ತಿದ್ದೆ, ಈಗ ಕೇಳದಿರುವುದು ಇನ್ನೂ ಕಷ್ಟವಾಗಿದೆ.

ಈಗ ಸುದ್ದಿಗೆ ಬರುತ್ತೇನೆ. ಕೂತಿದ್ದೀಯಾ? ಇಲ್ಲದಿದ್ದರೆ ಕೂತುಕೋ. ನಿನ್ನ ಅಕ್ಕ ಆನ್‌ಲೈನ್ ಕೋರ್ಸ್ ಮಾಡಿ ಮಾರುತ್ತಿದ್ದಾಳೆ. ಹೌದು, ನಾನೇ. ನಗಬೇಕೆನಿಸಿದರೆ ನಗು, ನಿನಗೆ ಆ ಹಕ್ಕಿದೆ. ಆದದ್ದೇನೆಂದರೆ, ನಮ್ಮ ಹಳೆಯ ಗಿರಾಕಿಯ ಮಗಳೊಬ್ಬಳು ದೂರದೂರಿನಿಂದ ಫೋನ್ ಮಾಡಿ, ತಾನೇ ಹೊಲಿದ ಅಂಗಿಯ ಕಾಲರ್ ಕೂರುತ್ತಿಲ್ಲವೆಂದು ಅತ್ತಳು. ಒಂದು ಗಂಟೆ ಫೋನಿನಲ್ಲೇ ಹೇಳಿಕೊಟ್ಟೆ. ಮರುದಿನ ಅವಳು ಫೋಟೊ ಕಳಿಸಿದಳು, ಕಾಲರ್ ಲಕ್ಷಣವಾಗಿ ಕೂತಿತ್ತು. ಪಕ್ಕದಲ್ಲಿದ್ದ ಗಿಣಿ ನೋಡಿ, “ಅಮ್ಮಾ, ಇದನ್ನೇ ವಿಡಿಯೊ ಮಾಡಿ ಮಾರಬಹುದಲ್ಲ, ಮಾವ ಅವತ್ತೇ ಹೇಳಿರಲಿಲ್ವಾ?” ಎಂದಳು. ಅವತ್ತು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಮೊದಲು ನಾನು ಅಂಗಿ, ಪ್ಯಾಂಟು, ಕೋಟು ಎಲ್ಲ ಸೇರಿ ಅರವತ್ತು ಪಾಠದ ಪಟ್ಟಿ ಬರೆದೆ. ಗಿಣಿ ಅದನ್ನು ನೋಡಿ, ಇಷ್ಟೆಲ್ಲ ಕಲಿಯುವಷ್ಟರಲ್ಲಿ ಜನ ನಿವೃತ್ತರಾಗುತ್ತಾರೆ ಎಂದಳು. ಕಡೆಗೆ ಹನ್ನೆರಡು ಪಾಠ, ಒಂದು ಅಂಗಿ. ಅದೇ ಹೆಸರನ್ನೂ ಇಟ್ಟೆವು. ಚಿತ್ರೀಕರಣಕ್ಕೆ ಹೊಸ ಸ್ಟ್ಯಾಂಡ್ ತರುತ್ತೇನೆ ಎಂದು ಅವಳು ಹೊರಟಾಗ ನಾನೇ ತಡೆದು ಮೂಲೆಯಲ್ಲಿದ್ದ ನಿನ್ನ ಮೊಬೈಲ್ ಸ್ಟ್ಯಾಂಡ್ ಎಳೆದು ತಂದೆ. ನೀನು ಬಿಟ್ಟುಹೋದದ್ದು, ಮೂರು ಕಾಲಿನದು. ಇಷ್ಟು ದಿನ ಅದಕ್ಕೆ ಹಳೆಯ ಟೇಪುಗಳನ್ನು ನೇತುಹಾಕಿದ್ದೆ. ಒಂದು ಕಾಲು ಸಡಿಲವಾಗಿದೆ, ಕೆಳಗೆ ರಟ್ಟಿನ ಚೂರು ಕೊಟ್ಟಿದ್ದೇವೆ. ಮೊದಲ ದಿನ ಮುಕ್ಕಾಲು ಗಂಟೆ ಪಾಠ ಮಾಡಿ ಬೆವರೊರೆಸಿಕೊಂಡಾಗ ಗೊತ್ತಾಯಿತು, ರೆಕಾರ್ಡ್ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಎರಡನೆಯ ದಿನ ಒತ್ತಿದರು, ಆದರೆ ನಾನು ವಾರ್ತೆ ಓದುವವಳ ಹಾಗೆ “ವೀಕ್ಷಕರೇ” ಎಂದು ಶುರುಮಾಡಿದೆ. ನನಗೇ ಕೇಳಲಾಗಲಿಲ್ಲ. ಮೂರನೆಯ ದಿನ ನಿನ್ನ ಭಾವ ತಮ್ಮ ಹತ್ತು ಮಾತಿನಲ್ಲಿ ಮೂರನ್ನು ನನಗಾಗಿ ತೆಗೆದಿಟ್ಟು, “ಯಾರಾದ್ರೂ ನಿಂತಿದಾರೆ ಅಂದ್ಕೋ” ಎಂದರು. ಹಾಗೆಯೇ ಅಂದುಕೊಂಡೆ. ಮೊಬೈಲಿನ ಪಕ್ಕ ಒಬ್ಬರು ನಿಂತಿದ್ದಾರೆ, ಅಳತೆ ಕೊಡಲು ಬಂದಿದ್ದಾರೆ, ನಾನು ಅವರಿಗೆ ಅಂಗಿ ಕತ್ತರಿಸುತ್ತಿದ್ದೇನೆ ಎಂದುಕೊಂಡೆ. ಅಲ್ಲಿಂದ ಮಾತು ನಲ್ಲಿಯ ನೀರಿನ ಹಾಗೆ ಬಂತು. ಹದಿನೈದು ದಿನದಲ್ಲಿ ಹನ್ನೆರಡು ಪಾಠ ಮುಗಿದವು.

ಮಾಡುವುದಕ್ಕಿಂತ ಮಾರುವುದೇ ಕಷ್ಟ ಕಣೋ. ಒಂದು ಅಂಗಿಯ ಹೊಲಿಗೆಗೆ ತೆಗೆದುಕೊಳ್ಳುವಷ್ಟೇ ಬೆಲೆ ಸಾಕು ಎಂದೆ, ಅಷ್ಟು ಅಗ್ಗವಾದರೆ ಯಾರೂ ನಂಬುವುದಿಲ್ಲ ಎಂದು ಗಿಣಿ ಮೂರು ಅಂಗಿಯ ಬೆಲೆ ಹಾಕಿದಳು. ಮೊದಲ ಪಾಠ ಪುಕ್ಕಟೆ. ಅದನ್ನು ಸಾವಿರ ಜನ ನೋಡಿದರು, ಬಳೆ ಚೆನ್ನಾಗಿದೆ ಎಂದು ಬರೆದರು, ಕೊಳ್ಳಲಿಲ್ಲ. ನಾನು ದಿನಕ್ಕೆ ಇಪ್ಪತ್ತು ಸಲ ಮೊಬೈಲ್ ತೆರೆದು ನೋಡುತ್ತಿದ್ದೆ, ಗಿರಾಕಿಗಳ ಎದುರಿಗೆ ಮಾತ್ರ ನನಗೇನೂ ಆತುರವಿಲ್ಲ ಎಂಬ ಮುಖ. ಎಂಟನೆಯ ದಿನ ಒಬ್ಬರು ಕೊಂಡರು. ಮನೆಯೆಲ್ಲ ಕುಣಿದಾಡಿದೆ, ಮೊಣಕಾಲಿನ ಸಮೇತ. ಆಮೇಲೆ ವಿದ್ಯಾರ್ಥಿಗಳ ಪಟ್ಟಿ ತೆರೆದು ನೋಡಿದರೆ ನಿನ್ನ ಭಾವನ ಹೆಸರು! ಮೂವತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ಗುಂಡಿ ಹಾಕಿದ ಮನುಷ್ಯ ದುಡ್ಡು ಕೊಟ್ಟು ನನ್ನ ಪಾಠ ಕೊಂಡಿದ್ದರು. ಬೈದೆ. ಬೈಯುತ್ತ ಬೈಯುತ್ತ ಅಳು ಬಂತು. ಅದಾದ ಮೇಲೆ, ಕಾಲರ್ ಹುಡುಗಿ ತನ್ನ ಗೆಳತಿಯರಿಗೆಲ್ಲ ಹೇಳಿದಳೋ ಏನೋ, ಒಬ್ಬೊಬ್ಬರಾಗಿ ಬಂದರು. ಈಗ ಮೂವತ್ತೊಂದು ಜನ, ಮನೆಯವರನ್ನು ಬಿಟ್ಟು.

ಇಲ್ಲಿಯವರೆಗೆ ಹೆಮ್ಮೆ. ಇನ್ನು ಮಾನ ಹೋದ ಕಥೆ. ಒಂದು ತಿಂಗಳಾದ ಮೇಲೆ ಜನ ತಾವು ಹೊಲಿದ ಅಂಗಿಯ ಫೋಟೊ ಹಾಕತೊಡಗಿದರು. ಮೊದಲನೆಯ ಅಂಗಿಯ ಕಾಲರ್ ಓರೆಯಾಗಿ, ಬಲಗಡೆ ಕುತ್ತಿಗೆಯಿಂದ ಕಂಕುಳಿನವರೆಗೆ ಒಂದು ಸುಕ್ಕು ಎಳೆದು ನಿಂತಿತ್ತು. ಬಟ್ಟೆ ಸರಿಯಾಗಿ ಹಾಸಿಲ್ಲ ಎಂದು ಬರೆದೆ. ಎರಡನೆಯದರಲ್ಲೂ ಅದೇ ಸುಕ್ಕು. ಟೇಪು ಸರಿಯಾಗಿ ಹಿಡಿದಿಲ್ಲ ಎಂದು ಗದರಿದೆ. ಒಬ್ಬಾಕೆ ಬರೆದಳು: “ಮೇಡಂ, ನಮ್ಮ ಯಜಮಾನರು ಬೆಳಿಗ್ಗೆಯಿಂದ ಕನ್ನಡಿ ಮುಂದೆ ನಿಂತು, ಓರೆ ಇರೋದು ನಾನಾ ಅಂಗಿನಾ ಅಂತ ಕೇಳ್ತಿದಾರೆ. ಏನ್ ಹೇಳಲಿ?” ಒಂಬತ್ತು ಅಂಗಿ ಬಂದವು, ಒಂಬತ್ತಕ್ಕೂ ಬಲಗಡೆ ಅದೇ ಸುಕ್ಕು. ಒಂಬತ್ತು ಮನೆಯಲ್ಲಿ ಒಂಬತ್ತು ಜನ ಒಂದೇ ತಪ್ಪು ಮಾಡಲಾರರಲ್ಲ. ತಪ್ಪು ಕಲಿಸಿದವಳದೇ.

ಮೇಜಿನ ಮುಂದೆ ಕೂತು ನಾಲ್ಕನೆಯ ಪಾಠ ಹಾಕಿಕೊಂಡು ನೋಡಿದೆ. ಎದೆ, ತೋಳು, ಉದ್ದ ಎಲ್ಲವೂ ನಿಮ್ಮನಿಮ್ಮ ಅಳತೆ ಹಾಕಿಕೊಳ್ಳಿ ಎಂದು ಸರಿಯಾಗಿಯೇ ಹೇಳಿದ್ದೇನೆ. ಆಮೇಲೆ ಮುಂಭಾಗದ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಕತ್ತರಿಸುವುದನ್ನು ಬಿಟ್ಟು ಬೇರೆಬೇರೆಯಾಗಿ ಹಾಸಿದ್ದೇನೆ. ಸೀಮೆಸುಣ್ಣ ಹಿಡಿದು, ಯಾವ ಅನುಮಾನವೂ ಇಲ್ಲದೆ, “ಬಲಗಡೆ ಭುಜ ಅರ್ಧ ಇಂಚು ಇಳಿಸಿ, ಮರೀಬೇಡಿ” ಎಂದಿದ್ದೇನೆ. ಅದು ಅಂಗಿಯ ಅಳತೆಯಲ್ಲ ಕಣೋ, ನಿನ್ನ ಅಳತೆ. ನಿನ್ನ ಅಂಗಿಗೆ ಬಟ್ಟೆ ಹಾಸಿದಾಗಲೆಲ್ಲ ಅಪ್ಪ ನನ್ನ ಕೈಗೆ ಸುಣ್ಣ ಕೊಟ್ಟು, “ಬಲಗಡೆ ಅರ್ಧ ಇಂಚು, ಮರೀಬೇಡ” ಎನ್ನುತ್ತಿದ್ದರಲ್ಲ, ಅದೇ ಮಾತು, ಅದೇ ರಾಗ. ಅಪ್ಪ ಇದ್ದಾಗಿನಿಂದಲೇ ನೀನು ಬಟ್ಟೆಯ ಗಂಟು ಹೊರುತ್ತಿದ್ದೆ. ಅಪ್ಪ ಹೋದ ಮೇಲೆ ನಾನು ಕತ್ತರಿ ಹಿಡಿದೆ, ನೀನು ಮತ್ತೆ ಇಪ್ಪತ್ತು ವರ್ಷ ಗಂಟು ಹೊತ್ತೆ. ಪೇಟೆಯಿಂದ ಅಂಗಡಿಗೆ ಬಟ್ಟೆ, ಅಂಗಡಿಯಿಂದ ಆಸ್ಪತ್ರೆಗೆ, ಶಾಲೆಗೆ ಹೊಲಿದ ಸಮವಸ್ತ್ರ, ಯಾವಾಗಲೂ ಬಲಭುಜದ ಮೇಲೆ. ಯಾರಾದರೂ ನಿಂತಿದ್ದಾರೆ ಅಂದುಕೋ ಎಂದಾಗ ನನ್ನ ಕಣ್ಣೆದುರು ನಿಂತದ್ದು ಯಾರೆಂದು ನನಗೇ ತಿಳಿಯಲಿಲ್ಲ, ಕೈಗೆ ತಿಳಿದಿತ್ತು.

ನಿನ್ನ ಭಾವನ ಮೇಲೆ ಹರಿಹಾಯ್ದೆ. ಎದುರಿಗೇ ಇದ್ದಿರಿ, ನೋಡುತ್ತಿದ್ದಿರಿ, ನಿಮಗೂ ಹೊಳೆಯಲಿಲ್ಲವೇ ಎಂದು ಕೇಳಿದೆ. ಅವರು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, “ಹೊಳೀತು. ನಾಲ್ಕು ವರ್ಷ ಆದ್ಮೇಲೆ ನಿನ್ನ ಬಾಯಲ್ಲಿ ಅವನ ಮಾತು ಬಂದಿತ್ತು. ತಡೆಯೋಕೆ ಮನಸ್ಸಾಗಲಿಲ್ಲ” ಎಂದರು. ಅವತ್ತಿನ ಹತ್ತು ಮಾತು ದಾಟಿತ್ತು.

ಮೂವತ್ತೊಂದು ಜನಕ್ಕೂ ತಪ್ಪು ನನ್ನದೆಂದು ಬರೆದೆ. ಬೇಕಾದವರು ದುಡ್ಡು ವಾಪಸ್ ತೆಗೆದುಕೊಳ್ಳಿ, ಬಟ್ಟೆಯ ಬೆಲೆಯನ್ನೂ ಕೊಡುತ್ತೇನೆ ಎಂದೆ. ಇಬ್ಬರು ತೆಗೆದುಕೊಂಡರು, ನ್ಯಾಯವೇ. ಉಳಿದವರು ಬೈದರು, ನಕ್ಕರು, ಸುಮ್ಮನಾದರು. ಆದರೆ ಹತ್ತನೆಯದಾಗಿ ಒಂದು ಫೋಟೊ ಬಂತು. ಕಳಿಸಿದವಳ ತಂದೆ ಊರೂರಿಗೆ ಅಕ್ಕಿಮೂಟೆ ಹೊರುತ್ತಿದ್ದವರಂತೆ. ಬಿಳಿ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು, ಕಾಲರ್ ನೆಟ್ಟಗೆ, ಒಂದು ಸುಕ್ಕೂ ಇಲ್ಲ. “ಅಪ್ಪನಿಗೆ ಇದುವರೆಗೂ ಯಾವ ಅಂಗಿಯೂ ಕೂತಿರಲಿಲ್ಲ ಮೇಡಂ, ಅಂಗಡೀದು ಎಲ್ಲಾ ಬಲಗಡೆ ಜೋಲಾಡ್ತಿತ್ತು. ನಿಮಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದ್ದಳು. ಏನೆಂದು ಉತ್ತರಿಸಲಿ? ನನಗೆ ಗೊತ್ತಿದ್ದದ್ದು ಒಂದೇ ಭುಜ, ಆ ಭುಜದವನು ನನ್ನೊಡನೆ ಮಾತು ಬಿಟ್ಟಿದ್ದಾನೆ ಎಂದು ಬರೆಯಲೇ?

ಇಷ್ಟು ಬರೆದ ಮೇಲೆ ಅದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮೊಣಕಾಲಿನ ನೋವಿನ ಜೊತೆ ಇದೂ ಸೇರಿಕೊಳ್ಳುತ್ತದೆ. ಅವತ್ತು ನೀನು ಈ ಸ್ಟ್ಯಾಂಡನ್ನು ಎಷ್ಟು ಆಸೆಯಿಂದ ತಂದಿದ್ದೆ. ಅಕ್ಕಾ, ನೀನು ಕತ್ತರಿಸುತ್ತಾ ಹೋಗು, ನಾನು ವಿಡಿಯೊ ಮಾಡುತ್ತೇನೆ, ಪಾಠ ಮಾಡಿ ಮಾರೋಣ ಎಂದೆ. ಅಂಗಡಿ ತುಂಬ ಗಿರಾಕಿಗಳಿದ್ದರು. ಅವರೆದುರಿಗೆ ನಾನು, “ಕತ್ತರಿ ಹಿಡಿಯೋಕೆ ಬಾರದವನು ಕತ್ತರಿ ಪಾಠ ಮಾರ್ತಾನಂತೆ” ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಕಿವಿ ಕೆಂಪಗಾದದ್ದನ್ನು ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ. ನಿನಗೆ ಕತ್ತರಿ ಹಿಡಿಯಲು ಬಾರದಿದ್ದದ್ದು ಯಾಕೆ? ನಾನು ಕತ್ತರಿ ಹಿಡಿಯಲೆಂದು ನೀನು ಗಂಟು ಹೊತ್ತೆಯಲ್ಲ, ಅದಕ್ಕೆ. ಮರುವಾರವೇ ನೀನು ಆ ಗೋದಾಮಿನ ಕೆಲಸಕ್ಕೆ ಹೋದೆ, ಅಲ್ಲೂ ಹೊರುವ ಕೆಲಸವೇ. ನನ್ನದು ತಪ್ಪಾಯಿತು. ನಾಲ್ಕು ವರ್ಷ ಬೇಕಾಯಿತು ಇಷ್ಟು ಹೇಳಲು, ಅದೂ ಕಾಗದದ ಮೇಲೆ. ಎದುರಿಗೆ ಹೇಳಲು ನಾಲಿಗೆ ಏಳುವುದಿಲ್ಲ, ನಿನಗೆ ಗೊತ್ತೇ ಇದೆ. ಕ್ಷಮಿಸು.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ರಾತ್ರಿ ಮಲಗುವ ಮುಂಚೆ ಭುಜಕ್ಕೆ ಬಿಸಿನೀರಿನ ಶಾಖ ಕೊಡಲು ಹೇಳು, ನೀನಾಗಿ ಕೇಳುವವನಲ್ಲ. ಗಿಣಿ ತನ್ನ ಮಾವನಿಗೆ ಒಂದು ಹೊರೆ ಪ್ರೀತಿ ಕಳಿಸಿದ್ದಾಳೆ. ನಿನ್ನ ಭಾವ ತಲೆಯಾಡಿಸಿದ್ದಾರೆ. ನಿನಗೂ ನಿನ್ನವರಿಗೂ ಒಳ್ಳೆಯದಾಗಲಿ, ಕೈಕಾಲು ಗಟ್ಟಿಯಾಗಿರಲಿ.

ನಿನ್ನ,
ಅಕ್ಕ

ತಾ.ಕ.: ಗಿಣಿ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಾಲ್ಕನೆಯ ಪಾಠವನ್ನು ತೆಗೆದುಹಾಕಿದ್ದೇನೆ. ಅದನ್ನು ಎರಡು ಪಾಠ ಮಾಡಬೇಕು, ಒಂದು ಸಮಭುಜಕ್ಕೆ, ಇನ್ನೊಂದು ಹೊತ್ತು ಹೊತ್ತು ತಗ್ಗಿದ ಭುಜಕ್ಕೆ. ಆ ಎರಡನೆಯದಕ್ಕೆ ಸುಮ್ಮನೆ ಅಂದುಕೊಂಡರೆ ಸಾಲದು, ಒಬ್ಬರು ನಿಜವಾಗಿ ಎದುರಿಗೆ ನಿಲ್ಲಬೇಕು. ನಿನಗೆಂದು ಒಂದು ನೀಲಿ ಅಂಗಿ ಕತ್ತರಿಸತೊಡಗಿದೆ, ಬಲಭುಜದ ಹತ್ತಿರ ಕೈ ನಿಂತುಬಿಟ್ಟಿತು. ಅದು ಈಗಲೂ ಅರ್ಧ ಇಂಚೇ, ಮುಕ್ಕಾಲಾಗಿದೆಯೇ, ನನಗೆ ಗೊತ್ತಿಲ್ಲ. ನಿನ್ನ ಅಳತೆ ನನಗೆ ಗೊತ್ತಿಲ್ಲ ಎಂಬ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ಇನ್ನೊಂದು ವಿಷಯ, ರೇಗಬೇಡ. ಆ ಅಳತೆ ನನ್ನ ತಮ್ಮನದು, ಈ ಪಾಠದ ಯೋಚನೆಯೂ ಅವನದೇ, ಇಪ್ಪತ್ತೆಂಟನೇ ತಾರೀಖು ಭಾನುವಾರ ಅವನೇ ಬಂದು ನಿಲ್ಲುತ್ತಾನೆ ಎಂದು ಇಪ್ಪತ್ತೊಂಬತ್ತು ಜನಕ್ಕೂ ಬರೆದುಬಿಟ್ಟಿದ್ದೇನೆ. ಎಲ್ಲರೂ ಭುಜವಿಲ್ಲದ ಅಂಗಿ ಹಿಡಿದುಕೊಂಡು ಕೂತಿದ್ದಾರೆ. ನಿನ್ನನ್ನು ಕೇಳದೆ ಹೇಳಿದ್ದು ತಪ್ಪು. ಬಾ, ಬಂದು ಎಲ್ಲರೆದುರಿಗೆ ಬೈಯಿ, ರೆಕಾರ್ಡ್ ಗುಂಡಿ ಒತ್ತಿಯೇ ಇರುತ್ತೇನೆ.