ತಡವಾಗಿ ಬರುವ ಗಿಟಾರ್

ಫೆಬ್ರವರಿ 3, ಶುಕ್ರವಾರ

ಈ ವಾರ ಹೊಸದಾಗಿ ಬಂದ ಆಲ್ಬಮ್ ಐದು. ನಾರ್ವೆಯ ಮೆಟಲ್ ತಂಡದ್ದು ಐವತ್ತು ನಿಮಿಷ — ಡ್ರಮ್ಮು ಹೊಲಿಗೆ ಮಿಷನ್ ಹಾಗೆ ಓಡುತ್ತಲೇ ಇತ್ತು, ಹೊಲಿದ ಬಟ್ಟೆ ಮಾತ್ರ ಕಾಣಲಿಲ್ಲ. ಹತ್ತಕ್ಕೆ ಆರು. ಬೈರೂತಿನ ಹುಡುಗಿಯ ಪಾಪ್ — ಸಕ್ಕರೆ ಪಾಕ, ಮೂರನೇ ಹಾಡಿಗೇ ಅಂಟತೊಡಗಿತು. ಆರು. ಫ್ರಾನ್ಸಿನ ರಾಕ್ ಮುದುಕರು ಮತ್ತೆ ಎದ್ದು ಬಂದಿದ್ದಾರೆ. ಮೊದಲ ಹಾಡಿನಲ್ಲಿ ದಮ್ಮಿದೆ, ಆಮೇಲೆ ಏದುಸಿರು. ಆರು. ಉಳಿದ ಎರಡು... ಅವೂ ಆರು.

ಎಲ್ಲ ಕೇಳಿದ್ದು ಅಂಗಡಿಯಲ್ಲಿ, ಕನ್ನಡಕದ ಗಾಜು ಉಜ್ಜುತ್ತಾ. ನಾಲ್ಕು ಗಂಟೆಗೆ ರೇಡಿಯೋ ಸ್ಟೇಷನ್‌ಗೆ ಹೋಗಿ ಹತ್ತು ನಿಮಿಷ ಓದಿದೆ. ಕಾರ್ಯಕ್ರಮ ನಡೆಸುವ ಮೊಂಜಿ ಹೊರಬಂದ ಮೇಲೆ ಕೇಳಿದ, ಎಲ್ಲರಿಗೂ ಒಂದೇ ಅಂಕ ಏಕೆ ಅಂತ. ಹನ್ನೊಂದು ವರ್ಷದಲ್ಲಿ ನೀನು ಇಷ್ಟು ದಯೆ ತೋರಿಸಿದ್ದು ನೋಡಿಲ್ಲ ಅಂದ.

ದಯೆ ಅಲ್ಲ. ಐದಕ್ಕೂ ಏಳಕ್ಕೂ ವ್ಯತ್ಯಾಸ ತಿಳಿಯುತ್ತಿಲ್ಲ.

ಫೆಬ್ರವರಿ 10, ಶುಕ್ರವಾರ

ಕೇಳಿದ್ದು ನಾಲ್ಕು. ಬರೆಯುವಂಥದ್ದಿಲ್ಲ.

ಲೊಟ್ಫಿ ಫೋನ್ ಮಾಡಿದ. ತಮ್ಮ ಅನೀಸನ ತಂಡದ ಡ್ರಮ್ಮರ್. ಅನೀಸ್ ಕಂಪ್ಯೂಟರಿನಲ್ಲಿ ಬಿಟ್ಟುಹೋದ ಎಂಟು ಗಿಟಾರ್ ರೆಕಾರ್ಡಿಂಗ್ ಅವನ ಹತ್ತಿರ ಇದ್ದವಂತೆ. ಅವಕ್ಕೆ ಡ್ರಮ್ ಸೇರಿಸಿ, ಟ್ಯೂನಿಸ್‌ನಿಂದ ಹಾಡುವವನನ್ನು ಕರೆಸಿ, ಆಲ್ಬಮ್ ಮುಗಿಸಿದ್ದಾನೆ. ಮಾರ್ಚ್ 17ಕ್ಕೆ ಬಿಡುಗಡೆ. ಅವತ್ತು ರೇಡಿಯೋದಲ್ಲಿ ನೀನೇ ಮಾತಾಡಬೇಕು ಅಂದ. ಸರಿ ಅಂದೆ.

ನನ್ನ ತಮ್ಮನ ಸ್ಕೂಟರಿಗೆ ಲಾರಿ ಬಡಿದು ಎಂಟು ತಿಂಗಳು.

ಫೋನ್ ಇಟ್ಟ ಮೇಲೆ ಎರಡು ಜೊತೆ ಗಾಜು ಉಜ್ಜಿದೆ. ಎರಡೂ ಫ್ರೇಮಿಗೆ ಸರಿಯಾಗಿ ಕೂತವು.

ಫೆಬ್ರವರಿ 24

ಲೊಟ್ಫಿ ಕಳಿಸಿದ ಫೈಲ್ ಬಂದು ನಾಲ್ಕು ದಿನ. ತೆರೆದಿಲ್ಲ.

ಮಾರ್ಚ್ 3, ಶುಕ್ರವಾರ

ಕೇಳಿದೆ. ಬೆಳಿಗ್ಗೆ ಹನ್ನೊಂದಕ್ಕೆ, ಗಿರಾಕಿ ಇಲ್ಲದ ಹೊತ್ತು. ನಲವತ್ತೊಂದು ನಿಮಿಷ.

ಚೆನ್ನಾಗಿದೆ. ಸುಳ್ಳಲ್ಲ, ನಿಜಕ್ಕೂ ಚೆನ್ನಾಗಿದೆ. ಬಿಗಿ. ಎರಡನೇ ಹಾಡಿನಲ್ಲಿ ಎಲ್ಲ ನಿಂತು ಗಿಟಾರ್ ಒಂದೇ ಉಳಿಯುವ ಕಡೆ ಎಂಥವರೂ ಕತ್ತೆತ್ತಿ ನೋಡುತ್ತಾರೆ. ಹಾಡುವವನು ಬೇಕಿಲ್ಲದ ಕಡೆಯೂ ಅರಚುತ್ತಾನೆ, ಅದೊಂದು ಬಿಟ್ಟರೆ ತಪ್ಪು ಹುಡುಕಬೇಕು. ಈ ವರ್ಷ ಕೇಳಿದ್ದರಲ್ಲಿ ಇದೇ ಮೇಲು. ಎಂಟು.

ಅಳು ಬರುತ್ತದೆ ಅಂತ ಬಾಗಿಲಿಗೆ ಚಿಲಕ ಹಾಕಿ ಕೂತಿದ್ದೆ. ಬರಲಿಲ್ಲ. ಕೊನೆಯ ಹಾಡಿನ ಹೊತ್ತಿಗೆ ಕಾರಣ ಹೊಳೆಯಿತು. ಗಿಟಾರ್ ಸಮಯಕ್ಕೆ ಸರಿಯಾಗಿ ಬರುತ್ತಿದೆ. ಪ್ರತಿ ಪೆಟ್ಟಿಗೂ. ಅನೀಸ್ ಯಾವತ್ತೂ ಹಾಗೆ ನುಡಿಸಿದವನಲ್ಲ. ಡ್ರಮ್ಮಿನ ಪೆಟ್ಟು ಬಿದ್ದ ಮೇಲೆ, ಒಂದು ಕೂದಲೆಳೆಯಷ್ಟು ಹಿಂದೆ ಬರುತ್ತಿದ್ದ. ಕಂಪ್ಯೂಟರಿನಲ್ಲಿ ಎಳೆದು ಸರಿ ಮಾಡಿದ್ದಾರೆ.

ಚಿಲಕ ತೆಗೆದೆ. ಒಬ್ಬ ಮಾಸ್ತರರು ಓದುವ ಕನ್ನಡಕ ಕೇಳಿಕೊಂಡು ಬಂದರು.

ಮಾರ್ಚ್ 5, ಭಾನುವಾರ

ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ, ಅಮ್ಮ ತಾನೂ ಕೇಳುತ್ತೇನೆ ಅಂದಳು. ಏನು ಕೇಳಿಸುತ್ತಿದ್ದೇನೆ ಅಂತ ಹೇಳದೆ ಹಾಕಿದೆ. ಹೊಸ ಆಲ್ಬಮ್ ಅಂದೆ, ಅಷ್ಟೇ. ಬಟಾಣಿ ಸುಲಿಯುತ್ತಾ ಮೂರು ಹಾಡು ಕೇಳಿದಳು. ಗೋಡೆಯ ಆಚೆ ಅನೀಸ್ ನುಡಿಸುತ್ತಿದ್ದುದನ್ನು ಹದಿನೈದು ವರ್ಷ ಕೇಳಿದವಳು.

"ಪರವಾಗಿಲ್ಲ, ಗಲಾಟೆ ಕಡಿಮೆ ಇದೆ," ಅಂದಳು. "ಯಾರಿದು ಬಾರಿಸ್ತಿರೋದು?"

ಗೊತ್ತಿಲ್ಲ ಅಂದೆ.

ಮಾರ್ಚ್ 8, ಬುಧವಾರ

ಲೊಟ್ಫಿಯನ್ನು ಬಂದರಿನ ಹತ್ತಿರದ ಕೆಫೆಗೆ ಕರೆದೆ. ಗಡ್ಡ ಬಿಟ್ಟಿದ್ದಾನೆ, ಇಳಿದುಹೋಗಿದ್ದಾನೆ. ಮೊದಲು ಅಮ್ಮನ ಆರೋಗ್ಯ ಕೇಳಿದ, ಖಾಲ್ತಿ ಹೇಗಿದ್ದಾರೆ ಅಂತ. ನನ್ನ ಅಮ್ಮನನ್ನು ಚಿಕ್ಕಂದಿನಿಂದ ಹಾಗೇ ಕರೆಯುವುದು, ಸ್ವಂತ ಚಿಕ್ಕಮ್ಮನನ್ನು ಕರೆದ ಹಾಗೆ. ಆಮೇಲೆ ನಾನು ಕೇಳಿದೆ, ಗಿಟಾರ್ ಯಾಕೆ ಸರಿ ಮಾಡಿದೆ?

ಕಾಫಿಗೆ ಸಕ್ಕರೆ ಹಾಕಿ ಬಹಳ ಹೊತ್ತು ಕಲಕಿದ.

"ನೀನೇ ಹೇಳಿದ್ದಲ್ಲ ಹಾಜೆರ್," ಅಂದ. "ರೇಡಿಯೋದಲ್ಲಿ. ನಮ್ಮ ಮೊದಲನೇ ಆಲ್ಬಮ್‌ಗೆ. ಬಸ್ಸು ಹೊರಟ ಮೇಲೆ ಸ್ಟಾಪಿಗೆ ಬರೋ ಗಿಟಾರ್ ಅಂದೆ."

ಅಂದಿದ್ದೆ. ನಾಲ್ಕು ವರ್ಷದ ಹಿಂದೆ. ತಮ್ಮ ಅಂತ ರಿಯಾಯಿತಿ ಕೊಡಬಾರದು, ಎಲ್ಲರನ್ನೂ ಅಳೆದ ಹಾಗೇ ಅಳೆಯಬೇಕು ಅಂತ ಹಟ. ಮಾತು ಚೆನ್ನಾಗಿ ಬಂತು ಅಂತ ಹೆಮ್ಮೆ ಕೂಡ ಇತ್ತು. ಅವತ್ತು ಅನೀಸ್ ಮನೆಗೆ ಬಂದು, ಊಟ ಮಾಡಿ, ನಕ್ಕು, ಒಳ್ಳೇ ಸಾಲು ಅಕ್ಕ, ಅಂದಿದ್ದ.

ಲೊಟ್ಫಿ ಹೇಳಿದ್ದು: ಅವತ್ತಿನಿಂದ ಅನೀಸ್ ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದನಂತೆ. ದಿನಾ ಒಂದು ಗಂಟೆ. ಆಗಲೇ ಇಲ್ಲವಂತೆ. ಈ ಸಲ ಅಕ್ಕನ ಬಾಯಿ ಮುಚ್ಚಿಸ್ತೀನಿ ಅನ್ನುತ್ತಿದ್ದನಂತೆ.

ಇದು ಅವನಲ್ಲ, ಅಮ್ಮನಿಗೂ ಗುರುತು ಸಿಗಲಿಲ್ಲ, ಅಂದೆ.

"ಆರು ತಿಂಗಳು ದಿನಾ ಅವನ ಜೊತೆ ಕೂತಿದ್ದೀನಿ," ಅಂದ ಲೊಟ್ಫಿ. ದನಿ ಏರಿಸಲಿಲ್ಲ. "ಒಂದೊಂದೇ ಸ್ವರ ಎತ್ತಿ ಸರಿಯಾದ ಜಾಗದಲ್ಲಿ ಇಟ್ಟೆ. ನೀನು ಅವನ ರೂಮಿನ ಬಾಗಿಲಾದರೂ ತೆಗೆದಿದ್ದೀಯಾ?"

ತೆಗೆದಿಲ್ಲ. ಅಮ್ಮನೇ ಗುಡಿಸುವುದು.

ಮುಟ್ಟದ ರೆಕಾರ್ಡಿಂಗ್ ಇದೆಯಾ ಅಂತ ಕೇಳಿದೆ. ಎದ್ದು ಹೋದ. ನಡೆದೇ ಮನೆಗೆ ಬಂದೆ. ಒಳಗೆ ಏನಾದರೂ ಆಗುತ್ತದೆ ಅಂತ ದಾರಿಯುದ್ದಕ್ಕೂ ಕಾದೆ. ಕಾಲು ನೋಯಿತು, ಅಷ್ಟೇ.

ಮಾರ್ಚ್ 17, ಶುಕ್ರವಾರ

ಬರೆದುಕೊಂಡು ಹೋದದ್ದನ್ನು ಹಾಗೇ ಓದಿದೆ. ಇಲ್ಲಿ ಇಳಿಸಿಡುತ್ತೇನೆ.

"ಇದು ನಮ್ಮೂರು ಸ್ಫಾಕ್ಸ್‌ನಲ್ಲಿ ಇಲ್ಲಿತನಕ ಆದ ಮೆಟಲ್ ಆಲ್ಬಮ್‌ಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲಿನದು. ಕೊಂಡು ಕೇಳಿ. ಗಿಟಾರ್ ನುಡಿಸಿದವನು ನನ್ನ ತಮ್ಮ, ಈಗಿಲ್ಲ. ಅವನು ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತಿದ್ದ. ಅದನ್ನು ತಪ್ಪು ಅಂತ ಇದೇ ಮೈಕಿನಲ್ಲಿ ಹೇಳಿದವಳು ನಾನು. ಈ ಆಲ್ಬಮ್‌ನಲ್ಲಿ ಆ ತಪ್ಪನ್ನು ತಿದ್ದಿದ್ದಾರೆ. ತಿದ್ದಿದ ಮೇಲೆ ಕೇಳಿದರೆ ಅವನು ಸಿಗುತ್ತಿಲ್ಲ. ತಿದ್ದಿದವನು ಪ್ರೀತಿಯಿಂದ ತಿದ್ದಿದ್ದಾನೆ. ಕೇಳುವುದರಲ್ಲಿ ಎಡವಿದ್ದು ನಾನು. ಅಂಕ ಕೊಡುವುದಿಲ್ಲ."

ಮೊಂಜಿ ಹವಾಮಾನ ವರದಿ ಹಾಕಿದ. ನಾಳೆಯೂ ಗಾಳಿ.

ಮನೆಗೆ ಬಂದಾಗ ಅಮ್ಮ ರೇಡಿಯೋ ಆರಿಸಿ ಕೂತಿದ್ದಳು. ಆವತ್ತು ಕೇಳಿದ್ದು ಇವನದೇನಾ ಅಂತ ಕೇಳಿದಳು. ಹೌದು ಅಂದೆ. ಗುರುತೇ ಹಿಡೀಲಿಲ್ವಲ್ಲ ನಾನು, ಅಂದಳು. ಎರಡು ಸಲ ಅಂದಳು.

ಮಾರ್ಚ್ 22, ಬುಧವಾರ

ನಾಳೆಯಿಂದ ರಂಜಾನ್. ಅಂಗಡಿ ಮುಚ್ಚುವ ಮುಂಚೆ ಲೊಟ್ಫಿ ಬಂದ. ಕೂರಲಿಲ್ಲ. ಪೆನ್‌ಡ್ರೈವ್ ಕೌಂಟರ್ ಮೇಲೆ ಇಟ್ಟ. ಎಂಟೂ ಇವೆ, ಮುಟ್ಟಿಲ್ಲ, ಅಂದ. ಹೋಗುವಾಗ ಬಾಗಿಲಲ್ಲಿ ನಿಂತು, ನನಗೂ ಇವನ್ನು ಕೇಳೋಕೆ ಆಗ್ತಿರಲಿಲ್ಲ ಹಾಜೆರ್, ಅದಕ್ಕೇ ಕೈ ಹಾಕಿದ್ದು, ಅಂದ.

ಮಾರ್ಚ್ 26, ಭಾನುವಾರ, ಸಂಜೆ ಐದು

ಉಪವಾಸ ಬಿಡಲು ಇನ್ನೂ ಒಂದೂವರೆ ಗಂಟೆ. ಅಮ್ಮ ಸಿಂಕಿನಲ್ಲಿ ಮೀನು ತೊಳೆಯುತ್ತಿದ್ದಳು, ಬೆನ್ನು ನನ್ನ ಕಡೆ. ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪೆನ್‌ಡ್ರೈವ್ ಹಾಕಿ, ಹೇಳದೆ ಕೇಳದೆ ಒತ್ತಿದೆ. ಡ್ರಮ್ಮಿಲ್ಲ, ಅರಚುವವನಿಲ್ಲ. ಕುರ್ಚಿ ಕಿರುಗುಟ್ಟಿದ ಸದ್ದು. ಹಿಂದೆ ಮೆಟ್ರೊನೋಮಿನ ಟಿಕ್, ಟಿಕ್. ಆಮೇಲೆ ಗಿಟಾರ್. ಟಿಕ್ಕಿನ ನಂತರ. ಪ್ರತಿ ಸಲ, ಟಿಕ್ಕಿನ ನಂತರ.

ಒಂದು ನಿಮಿಷವೂ ಆಗಿರಲಿಲ್ಲ. ಅಮ್ಮ ತಿರುಗಲಿಲ್ಲ. ಮೀನು ಉಜ್ಜುತ್ತಲೇ, ದಿನಾ ಹೇಳುವ ದನಿಯಲ್ಲಿ —

"ಸ್ವಲ್ಪ ಕಡಿಮೆ ಮಾಡೋ ಅನೀಸ್."

ಆಮೇಲೆ ಅವಳ ಕೈ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು.

ನಾನು ಕಡಿಮೆ ಮಾಡಲಿಲ್ಲ. ಅವಳು ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಬಂದು ಎದುರು ಕೂತಳು. ಈಗ ಮೂರನೆಯದು ನಡೆಯುತ್ತಿದೆ. ಅವಳು ಕಣ್ಣು ಮುಚ್ಚಿದ್ದಾಳೆ. ನಾನು ಬರೆಯುತ್ತಿದ್ದೇನೆ, ಬರೆಯದಿದ್ದರೆ ಕೈ ಏನು ಮಾಡಬೇಕು ಗೊತ್ತಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿದೆ, ಇಬ್ಬರೂ ಏಳುತ್ತಿಲ್ಲ. ಯಾರಾದರೊಬ್ಬರು ಏಳಬೇಕು. ನಾನೇ ಏಳುತ್ತೇನೆ, ಇದೊಂದು ಮುಗಿದ ಮೇಲೆ.